ಅಳತೆ ಪುಸ್ತಕ

ಈ ಊರಿನ ಚರಿತ್ರೆ ಬೇಕೆಂದು
ಕಾಲೇಜಿನ ಹುಡುಗಿಯೊಬ್ಬಳು ಭದ್ರಾವತಿಗೆ ಬಂದಳು.
ನನ್ನ ಬಳಿ ಇದ್ದದ್ದು ಅಪ್ಪನ ಅಳತೆ ಪುಸ್ತಕ, ಒಟ್ಟು ಹನ್ನೊಂದು.
ಸೀಸದ ಕಡ್ಡಿಯ ಬರಹ, ರಟ್ಟಿನ ಮೇಲೆ ಇಸ್ತ್ರಿ ಸುಟ್ಟ ಗುರುತು.
ತೆಗೆದು ಓದಿದೆ:

ಆರೋಕ್ಯಸ್ವಾಮಿ, ಫರ್ನೇಸು. ಸೊಂಟ ಮೂವತ್ತು. ಮಡಿಕೆ ಬೇಡ.
ನಾಗೋಜಿರಾವ್, ಫರ್ನೇಸು. ತೊಡೆ ಸಡಿಲ. ಮಡಿಕೆ ಬೇಡ.
ಕುಂಞಾಲಿ, ರೋಲಿಂಗ್ ಮಿಲ್. ಬಲಜೇಬು ಆಳ. ಮಡಿಕೆ ಬೇಡ.
ಹಾಲೇಶಪ್ಪ, ಟೈಮ್ ಆಫೀಸು. ಮಡಿಕೆ ಇರಲಿ, ಎರಡಿಂಚು.

ಪ್ಯಾಂಟಿನ ಕಾಲ ತುದಿಯ ಮಡಿಕೆಯಲ್ಲಿ
ಕಿಡಿ ಬಂದು ಕೂರುತ್ತದೆ.
ಕೂತದ್ದು ಗೊತ್ತಾಗುವುದು ಚರ್ಮ ಮುಟ್ಟಿದ ಮೇಲೆ.
ಮಡಿಕೆ ಇದ್ದವರು ಫ್ಯಾನಿನ ಕೆಳಗೆ ಕೂರುವವರು,
ಇಲ್ಲದವರು ಬೆಂಕಿಗೆ ಎದೆಕೊಟ್ಟು ನಿಲ್ಲುವವರು.
ನಮ್ಮಂಗಡಿಯಲ್ಲಿ ಜಾತಿಗಿಂತ ಮೊದಲು ಕಾಲ ತುದಿ ನೋಡುತ್ತಿದ್ದೆವು.
ಆಮೇಲೆ ಜಾತಿಯನ್ನೂ ಕೇಳುತ್ತಿದ್ದೆವು, ಸುಳ್ಳೇಕೆ.

ಮನೆಯಲ್ಲಿ ಗಡಿಯಾರ ಇರಲಿಲ್ಲವೆಂದಲ್ಲ,
ಇತ್ತು, ಅದನ್ನು ಯಾರೂ ನಂಬುತ್ತಿರಲಿಲ್ಲ.
ಫ್ಯಾಕ್ಟರಿ ಕೂಗಿದರೆ ಎಸರಿಗೆ ಅಕ್ಕಿ,
ಮತ್ತೆ ಕೂಗಿದರೆ ಅಪ್ಪನ ಕಾಲು ಪೆಡಲಿನಿಂದ ಕೆಳಗೆ.
ಸೈಕಲ್ಲುಗಳು ಸೇತುವೆ ದಾಟುವ ಹೊತ್ತು
ಕೆಳಗಿನ ಭದ್ರೆಯ ಸದ್ದೇ ಕೇಳುತ್ತಿರಲಿಲ್ಲ.

ಗಾಳಿ ತಿರುಗಿದರೆ ಕಾಗದದ ಕಾರ್ಖಾನೆಯ ವಾಸನೆ,
ಬೆಂದ ಎಲೆಕೋಸನ್ನು ಮೂರು ದಿನ ಮುಚ್ಚಿಟ್ಟ ಹಾಗೆ.
ಹೊಸ ಸೊಸೆಯರು ಮೂಗಿಗೆ ಸೆರಗು ಒತ್ತಿದರೆ
ಹಳಬರಿಗೆ ನಗು: ಸಂಬಳದ ವಾಸನೆ ಕಣಮ್ಮ,
ಅಭ್ಯಾಸ ಆಗುತ್ತೆ.
ಆಯಿತು.
ಹಪ್ಪಳದ ಮೇಲೆ ಮಸಿ, ಒಣಹಾಕಿದ ಪಂಚೆಯ ಮೇಲೆ ಮಸಿ,
ಅಮ್ಮ ಕೆಮ್ಮಿ ಉಗಿದರೆ ಅದರಲ್ಲೂ ಮಸಿ.
ಫ್ಯಾಕ್ಟರಿ ಆಸ್ಪತ್ರೆ ನೌಕರರದು, ನಾವು ಬರೀ ದರ್ಜಿಗಳು.
ಹಾಲೇಶಪ್ಪನವರ ಹೆಂಡತಿಯ ಹೆಸರಿನಲ್ಲಿ
ಬರುತ್ತಿತ್ತು ಅಮ್ಮನ ಔಷಧ.
ಅವರ ಪ್ಯಾಂಟಿಗೆ ಅಪ್ಪ ಕೊನೆಯವರೆಗೂ ಮಜೂರಿ ಮುಟ್ಟಲಿಲ್ಲ.

ಒಂಬತ್ತನೆಯ ಪುಸ್ತಕದಲ್ಲಿ ಖಾಕಿ ಕಡಿಮೆ, ಸಫಾರಿ ಜಾಸ್ತಿ.
ವೀಆರೆಸ್ ದುಡ್ಡು, ಮಗಳ ಮದುವೆ.
ಅದೇ ಹೆಸರುಗಳು, ಸೊಂಟ ಎರಡಿಂಚು ಹೆಚ್ಚು.
ಹತ್ತನೆಯದರಲ್ಲಿ ಅದೇ ಹೆಸರುಗಳು,
ಹಳೆ ಪ್ಯಾಂಟು ಹಿಡಿಸಲು. ನಾಲ್ಕಿಂಚು ಕಡಿಮೆ.
ಹನ್ನೊಂದನೆಯದರಲ್ಲಿ ಅಪ್ಪನ ಅಕ್ಷರ ನಡುಗಿ ನಿಲ್ಲುತ್ತದೆ,
ಮುಂದೆ ಹಾಳೆ ಖಾಲಿ.

ಈಗ ಪಂಚೆ ಬಿಳಿಯಾಗಿಯೇ ಒಣಗುತ್ತದೆ.
ಕ್ವಾರ್ಟರ್ಸಿನ ಸೂರು ಸೀಳಿಕೊಂಡು ಅರಳಿ ಬೆಳೆದಿದೆ,
ಚಿಮಣಿಯ ಬುಡದಲ್ಲಿ ನವಿಲು ಕೂಗುತ್ತದೆ, ಯಾವ ಪಾಳಿಗೋ.
ಹೊಳೆಯಲ್ಲಿ ಮೀನು ಚೆನ್ನಾಗಿ ಸಿಗುತ್ತಿದೆಯಂತೆ.
ಚೆನ್ನಾಗಿದೆ ಗಾಳಿ. ಅಮ್ಮ ಇದ್ದಿದ್ದರೆ ಎನ್ನಿಸುತ್ತದೆ.
ಆದರೂ ನಸುಕಿನ ಐದೂಕಾಲಿಗೆ ಎಚ್ಚರವಾಗಿ
ಕಿವಿ ಏನನ್ನೋ ಕಾಯುತ್ತದೆ,
ಬಾರದ್ದಕ್ಕೆ ಬೈದು, ಮಗ್ಗುಲು ಬದಲಿಸುತ್ತೇನೆ.

ನಾನೀಗ ಹೊಲಿಯುವುದು ಶಾಲೆಯ ಲಂಗ, ನೈಟಿಯ ಜಿಪ್ಪು.
ಹೋದ ವಾರ ಪಳನಿವೇಲು ಬಂದ,
ಫರ್ನೇಸಿನ ಕೊನೆಯ ಕಾಂಟ್ರಾಕ್ಟ್ ಗ್ಯಾಂಗಿನವ.
ಈಗ ಎಟಿಎಂ ಬಾಗಿಲಲ್ಲಿ ಸ್ಟೂಲು.
ಕಂಪನಿ ಕೊಟ್ಟ ನೀಲಿ ಪ್ಯಾಂಟು, ಉದ್ದ ಹೆಚ್ಚಾಗಿತ್ತು.
ಮುಂದೆ ಬೇಕಾದೀತೆಂದು ಹೊರಮಡಿಕೆ ಹಾಕಿ
ಪಿನ್ನು ಚುಚ್ಚುತ್ತಿದ್ದೆ, ಕಾಲು ಹಿಂದಕ್ಕೆಳೆದುಕೊಂಡ.
ಮಡಿಕೆ ಬೇಡಮ್ಮ.

ಎಸಿ ಗಾಳಿಯಲ್ಲಿ ಎಂಥ ಕಿಡಿಯೋ, ಎಂದೆ.
ಅವನು ತನ್ನ ಪಾದ ನೋಡಿಕೊಂಡ,
ನಾನೂ ನೋಡಿದೆ: ಕಣಕಾಲ ಸುತ್ತ
ಸಾಸಿವೆ ಸಿಡಿದ ಹಾಗೆ ಬಿಳಿ ಕಲೆ.
ಕತ್ತರಿಸಿದೆ. ಅಂಗೈಯಗಲದ ನೀಲಿ ಬಟ್ಟೆ ನೆಲಕ್ಕೆ ಬಿತ್ತು.

ಹನ್ನೊಂದನೆಯ ಪುಸ್ತಕ ತೆಗೆದು ಬರೆದೆ:
ಪಳನಿವೇಲು, ಎಟಿಎಂ. ಉದ್ದ ಮೂವತ್ತೆಂಟು. ಮಡಿಕೆ ಬೇಡ.
ಎಷ್ಟಾಯ್ತಮ್ಮ ಎಂದ.
ನಲವತ್ತು ಎಂದೆ.
ತೆಗೆದುಕೊಂಡೆ ಕೂಡ.