ಪೆನ್ಸಿಲ್ಲಿನ ಬೆಲೆ

ವಾಲ್ದಿವಿಯಾದಲ್ಲಿ ಮಳೆಯ ದಿನಗಳನ್ನು ಯಾರೂ ಎಣಿಸುವುದಿಲ್ಲ,
ಬಿಸಿಲು ಬಂದದ್ದನ್ನಷ್ಟೇ ನೆನಪಿಟ್ಟುಕೊಳ್ಳುತ್ತೇವೆ.
ಬಾಗಿಲಿಗೆ ಗೋಣಿತಾಟು, ಮೂಲೆಯಲ್ಲಿ ಸೌದೆಯೊಲೆ,
ಒಲೆಯ ಮೇಲೆ ಕುದಿಯುವುದನ್ನೇ ಮರೆತ ಕೆಟಲು.
ನದಿಯ ಕಡೆಯಿಂದ ಕಡಲಸಿಂಹಗಳ ಕೂಗು:
ಮೀನುಮಾರುವವರು ಎಸೆದ ತಲೆಗೆ, ಕರುಳಿಗೆ ಜಗಳ.
ಪುಸ್ತಕದಂಗಡಿಗೆ
ಹಾಗೆ ಜಗಳವಾಡುತ್ತ ಬರುವವರಿಲ್ಲ.

ಬೆಳಗಿನ ಪತ್ರಿಕೆ ಒದ್ದೆಯಾಗಿಯೇ ಬರುತ್ತದೆ.
ಒಲೆಯ ಮೇಲಿನ ಹಗ್ಗಕ್ಕೆ ಒಂದೊಂದೇ ಹಾಳೆ ಹರವುತ್ತೇನೆ,
ಕೂಸಿನ ಚಡ್ಡಿಯ ಹಾಗೆ.
ಮಂತ್ರಿಯ ಮುಖ ಮೊದಲು ಒಣಗುತ್ತದೆ,
ಆಮೇಲೆ ಫುಟ್ಬಾಲು, ಆಮೇಲೆ ತಾಮ್ರದ ದರ.
ಮೂರನೇ ಪುಟ ಮಾತ್ರ ನಿಧಾನ.
ಅಲ್ಲಿ ಕಪ್ಪು ಚೌಕಟ್ಟು ಜಾಸ್ತಿ, ಶಾಯಿ ಜಾಸ್ತಿ.
ಒಣಗುವಷ್ಟರಲ್ಲಿ ಸುದ್ದಿ ಹಳತಾಗಿರುತ್ತದೆ;
ಸಂಜೆ ಅದೇ ಹಾಳೆಯಲ್ಲಿ ಸುತ್ತಿಕೊಂಡು
ಯಾರದೋ ಮನೆಗೆ ಮೀನು ಹೋಗುತ್ತದೆ.
ದೂರೇನಿಲ್ಲ. ಮೀನಿಗೂ ಒಂದು ಹೊದಿಕೆ ಬೇಕು.

ನನ್ನ ಕಪಾಟಿನವು ಅರ್ಧಕ್ಕರ್ಧ ಸತ್ತವರ ಮನೆಯವು.
ಮಕ್ಕಳು ಡಬ್ಬದಲ್ಲಿ ತುಂಬಿ ತರುತ್ತಾರೆ,
ತೂಗಿಬಿಡಿ ಎನ್ನುತ್ತಾರೆ, ತಕ್ಕಡಿ ನೋಡುವುದಿಲ್ಲ.
ಕೆಲವಕ್ಕೆ ಹೊಟ್ಟೆಯ ಮಟ್ಟದಲ್ಲಿ ಒಂದು ಕಂದು ಗೆರೆ:
ಅರವತ್ತನೆಯ ಇಸವಿಯ ಭೂಕಂಪದಲ್ಲಿ ಒಳನುಗ್ಗಿದ ನೀರು
ಎಲ್ಲಿಯತನಕ ಓದಿತ್ತೋ ಅಲ್ಲಿಗೆ ಗುರುತು.
ಗೆರೆಗೆ ನಾನು ಬೇರೆ ದುಡ್ಡು ಕೇಳುವುದಿಲ್ಲ.

ಹೊರ್ತೆನ್ಸಿಯಾ ಒಯಾರ್ಸೊ ತಂದದ್ದು ಎರಡೇ ಡಬ್ಬ.
ಗಂಡ ಎಲೆಯುತೇರಿಯೊ ರೇಡಿಯೊ ರಿಪೇರಿಯವನು;
ಕಥೆಯಿಲ್ಲ, ಕವಿತೆಯಿಲ್ಲ, ಬರೀ ವಾಲ್ವು, ತಂತಿ, ಸರ್ಕ್ಯೂಟು.
ನಾನು ಕೊಟ್ಟ ನೋಟು ಎಣಿಸದೇ ಚೀಲಕ್ಕಿಳಿಸಿ ಹೋದಳು.
ಮುಂದಿನ ಮಂಗಳವಾರ ಬಂದಳು.
ಕೊಡೆಯನ್ನು ಬಾಗಿಲಲ್ಲೇ ಕೊಡವಿ,
ಹಗ್ಗದ ಮೇಲಿನ ಮೂರನೇ ಪುಟಕ್ಕೆ ಕಣ್ಣಾಡಿಸಿ,
"ನಾನಿಲ್ಲ. ಹಾಗಾದರೆ ಕೂರಬಹುದು" ಎಂದಳು.
ಕೆಳಗಿನ ಸಾಲಿನಿಂದ ಹಸಿರು ರಟ್ಟಿನ ದಪ್ಪ ಕೈಪಿಡಿ ತೆಗೆದು
ಒಲೆಯ ಪಕ್ಕದ ಸ್ಟೂಲಿಗೆ ಒರಗಿದಳು.
ಮರುಮಂಗಳವಾರವೂ. ಅದರಾಚೆಯದೂ.

ಸುಮ್ಮನೆ ಒಯ್ಯಿರಿ, ನಿಮ್ಮದೇ ಅಲ್ಲವೇ, ಎಂದೆ.
"ಮನೆಯಲ್ಲಿದ್ದರೆ ಒಂದೇ ರಾತ್ರಿಗೆ ಮುಗಿಸಿಬಿಡುತ್ತೇನೆ.
ಆಮೇಲೆ?"

ಅವಳು ಹೋದ ಮೇಲೆ ಒಂದು ಸಲ, ಕಳ್ಳನ ಹಾಗೆ, ಬಿಡಿಸಿ ನೋಡಿದೆ.
ಟ್ರಾನ್ಸ್‌ಫಾರ್ಮರಿನ ಚಿತ್ರದ ಅಂಚಿಗೆ ಪೆನ್ಸಿಲ್ಲಿನ ಇರುವೆಸಾಲು:
ಇವತ್ತು ಹೊ. ಎರಡು ಸಲ ನಕ್ಕಳು.
ಹತ್ತು ಪುಟ ದಾಟಿ: ಬ್ರೆಡ್ಡು ಸೀದಿತು. ತಪ್ಪು ನನ್ನದು. ಹೇಳಲಿಲ್ಲ.
ಇನ್ನೆಲ್ಲೋ, ಆಂಟೆನಾದ ತುದಿಯಲ್ಲಿ:
ದೂರದ ಸ್ಟೇಷನ್ನು ಸಿಕ್ಕಿತು, ಭಾಷೆ ಗೊತ್ತಾಗಲಿಲ್ಲ,
ಅವಳನ್ನು ಎಬ್ಬಿಸಿ ಕೇಳಿಸಿದೆ.
ಅಷ್ಟಕ್ಕೇ ಮುಚ್ಚಿದೆ. ಉಳಿದದ್ದು ನನಗೆ ಬಂದ ಕಾಗದವಲ್ಲ.

ಅಂದಿನಿಂದ ವರ್ಷಕ್ಕೊಮ್ಮೆ ಒಳರಟ್ಟಿನ ಬೆಲೆ
ರಬ್ಬರಿನಿಂದ ಅಳಿಸಿ, ಹೆಚ್ಚಿಸಿ ಬರೆಯುತ್ತೇನೆ.
ನಾಲ್ಕು ಸಾವಿರ ಪೆಸೊ ಇದ್ದದ್ದು ಈಗ ತೊಂಬತ್ತು.
ಕಾಗದ ಅಲ್ಲಿ ಸವೆದು ಈರುಳ್ಳಿಸಿಪ್ಪೆಯಾಗಿದೆ.
ಒಸೊರ್ನೊದಿಂದ ಒಬ್ಬ ಹುಡುಗ ಬಂದಿದ್ದ, ಹಳೇ ರೇಡಿಯೊಗಳ ಮರುಳ;
ಒಂದು ಗಂಟೆ ಚೌಕಾಸಿಗೆ ನಿಂತ.
"ಇದಕ್ಕೆ ಇಷ್ಟಾ? ನಿಮಗೇನು ತಲೆ ಕೆಟ್ಟಿದೆಯಾ?"
ಸ್ವಲ್ಪ, ಎಂದೆ.

ಇವತ್ತು ಮಂಗಳವಾರ.
ನಾಲ್ಕೂವರೆ ಆಯಿತು. ಸ್ಟೂಲು ಒಲೆಯ ಕಡೆ ಮುಖ ಮಾಡಿ ಕೂತಿದೆ.
ಹೋದ ವಾರವೂ ಹೀಗೇ ಕೂತಿತ್ತು.
ಮಳೆ ನಿಂತರೂ ಮರದ ಹನಿ ನಿಲ್ಲದಂತೆ;
ಇಲ್ಲಿ ಮಳೆಯೂ ನಿಲ್ಲುವುದಿಲ್ಲ, ಏನು ಹೇಳುವುದು.
ಪಕ್ಕದ ಮೀನಂಗಡಿಯ ನೆಲ್ದಾ ಬೂಟು ತಪತಪ ಮಾಡುತ್ತ ಬಂದು
ಹಳೇ ಪೇಪರು ಕೊಡು ಎಂದಳು.
ಮಂತ್ರಿಯನ್ನು ಕೊಟ್ಟೆ, ಫುಟ್ಬಾಲು ಕೊಟ್ಟೆ, ತಾಮ್ರವನ್ನೂ.
ಹಗ್ಗದ ಮೇಲೆ ಉಳಿದ ಒಂದಕ್ಕೆ ಕೈ ಚಾಚಿದಳು.
ಬೆಂಕಿಯ ಶಾಖಕ್ಕೆ ಅದು ಗರಿಗರಿ ಸದ್ದು ಮಾಡುತ್ತಿತ್ತು.

ಅದು ಬೇಡ, ನೆಲ್ದಾ,
ಇನ್ನೂ ಹಸಿ ಇದೆ, ಎಂದೆ.