ಗಾಜಿನ ಮೇಲಿನ ಬೊಟ್ಟು

ಕೂಡ್ಲು ಗೇಟಿನ ನಾಲ್ಕನೇ ಮಹಡಿಯಲ್ಲಿ
ರಾತ್ರಿ ಹನ್ನೊಂದಕ್ಕೆ ನನ್ನ ಕೆಲಸ ಶುರು:
ಮುಖ ನೋಡಿ ಮಣೆ ಹಾಕುವುದು.

ಕ್ಯಾಸಿನೊ ಇರುವುದು ಯಾವುದೋ ದ್ವೀಪದಲ್ಲಂತೆ,
ನಾವು ಯಾರೂ ಕಂಡಿಲ್ಲ.
ಅದರ ಹೊಸ್ತಿಲು ಮಾತ್ರ ಇಲ್ಲಿದೆ,
ನನ್ನ ಎರಡು ಬೆರಳುಗಳ ನಡುವೆ.
ಎ ಒತ್ತಿದರೆ ಒಳಗೆ, ಆರ್ ಒತ್ತಿದರೆ ಹೊರಗೆ.
ಒಂದು ಮುಖಕ್ಕೆ ನಲವತ್ತು ಸೆಕೆಂಡು.

ಅಷ್ಟರಲ್ಲಿ ಏನೆಲ್ಲ ಕಾಣುತ್ತದೆ ಅಂತೀರಿ!
ಕಳೆದ ವಾರ ಒಂದೇ ಹೆಬ್ಬೆರಳು,
ಉಗುರು ಜಜ್ಜಿ ಕಪ್ಪಾದದ್ದು,
ಹದಿನೇಳು ಕಾರ್ಡು ಹಿಡಿದುಕೊಂಡು ಬಂತು.
ಹದಿನೇಳಕ್ಕೂ ಹಿಂದೆ ಅದೇ ಹಸಿರು ಗೋಡೆ,
ಗೋಡೆಗೆ ಮೊಳೆ, ಮೊಳೆಗೆ ಅದೇ ಕೊಡೆ.
ಹೊಸ ಖಾತೆಗೆ ಐನೂರು ರೂಪಾಯಿ ಬೋನಸ್ಸೆಂದು
ಹದಿನೇಳು ಸಲ ಹುಟ್ಟಿದ ಮನುಷ್ಯ.
ಕೊಡೆಯನ್ನಾದರೂ ತೆಗೆದಿಡಬಾರದಿತ್ತೇ, ಪುಣ್ಯಾತ್ಮ.

ಕೆಲವರು ಯಾರದೋ ಅಜ್ಜಿಯನ್ನು ತಂದು ಕೂರಿಸುತ್ತಾರೆ.
ಎಡಕ್ಕೆ ತಿರುಗಿ ಅನ್ನುತ್ತದೆ ಫೋನು.
ಯಾಕಪ್ಪ, ಎಂದು ಫೋನನ್ನೇ ಕೇಳುತ್ತಾಳೆ.
ನಮಗೆ ಧ್ವನಿ ಬರುವುದಿಲ್ಲ, ತುಟಿ ಕಾಣುತ್ತದೆ,
ಆಮೇಲೆ ಗದ್ದ ಹಿಡಿದು ತಿರುಗಿಸುವ ಒಂದು ಕೈ.
ಆರ್.

ನಿನ್ನೆ ಮೂರೂವರೆಗೆ ಕೆಂಪರಂಗಯ್ಯನವರು ಬಂದರು.
ಹುಟ್ಟಿದ್ದು ಅರವತ್ತೆರಡರಲ್ಲಿ, ವಿಳಾಸ ಶ್ರೀರಾಂಪುರ.
ಕಾರ್ಡು ಅಸಲಿ. ಮುಖ ತೊಂಬತ್ತಾರು ಪರ್ಸೆಂಟು ಹೊಂದಿತು.
ಎ ಒತ್ತುವುದರಲ್ಲಿದ್ದೆ.
ಹಣೆಯ ಕುಂಕುಮ ಯಾಕೋ ಹಣೆಗಿಂತ
ಒಂದು ನೂಲು ಮುಂದಿತ್ತು.

ಹಿಗ್ಗಿಸಿ ನೋಡಿದೆ. ಗಾಜಿಗಿಟ್ಟ ಬೊಟ್ಟು,
ಒಣಗಿ ಅಂಚು ಬಿರಿದ ಹಳೆಯದರ ಮೇಲೆ ಹೊಸದು.
ಮೇಲೆ ಮೂಲೆಯಲ್ಲಿ ಸುಗಂಧರಾಜದ ಒಂದು ಎಸಳು.

ಅವರನ್ನು ಕಳಿಸಿದವನನ್ನು ಹುಡುಕಬೇಕಾಗಲಿಲ್ಲ.
ಅವರ ಎದೆಯ ಮೇಲೆ, ಜೇಬಿರುವ ಜಾಗದಲ್ಲಿ,
ಗಾಜಿನಲ್ಲಿ ಅವನೂ ಇದ್ದ:
ಕುರ್ಚಿ ಹತ್ತಿ, ಬನಿಯನ್ನಿನಲ್ಲಿ,
ಎರಡೂ ಕೈಯಲ್ಲಿ ಫೋನೆತ್ತಿ ಹಿಡಿದು.
ಕಿವಿಗಳು ಕೆಂಪರಂಗಯ್ಯನವರವೇ.
ಹಿಂದಿನ ಕತ್ತಲಲ್ಲಿ ಯಾರೋ ಮುಸುಕೆಳೆದು ಮಲಗಿದ್ದರು.

ಅದೇ ಫೋನಿನಿಂದ ನಾಲ್ಕು ತಿಂಗಳ ಕೆಳಗೆ
ಲೋಹಿತ್ ಕೆ. ಬರೆದ ಅರ್ಜಿ ನಮ್ಮಲ್ಲಿದೆ:
ದಯವಿಟ್ಟು ನನ್ನ ಖಾತೆ ಮುಚ್ಚಿ.
ಮತ್ತೆ ನಾನೇ ಬಂದು ಕೇಳಿದರೂ ತೆರೆಯಬೇಡಿ.

ಕಾರಣ ಆರಿಸಿ ಎಂದಿತು ಪರದೆ.
ಮಸುಕು. ಅವಧಿ ಮುಗಿದಿದೆ. ಪ್ರತಿಫಲನ. ವಂಚನೆ.
ಪ್ರತಿಫಲನವೆಂದರೆ ಸುಳ್ಳಲ್ಲ, ಮರ್ಯಾದೆಯೂ ಉಳಿಯುತ್ತದೆ.
ಆದರೆ ಅವನಿಗೆ ಸಂದೇಶ ಹೋಗುತ್ತದೆ:
ಒಳ್ಳೆಯ ಬೆಳಕಿನಲ್ಲಿ ಇನ್ನೊಮ್ಮೆ ಪ್ರಯತ್ನಿಸಿ.
ಮೊಳೆಯಿಂದ ಇಳಿಸುತ್ತಾನೆ, ಗಾಜು ಬಿಚ್ಚುತ್ತಾನೆ,
ಅಪ್ಪನನ್ನು ಕಿಟಕಿಯ ಹತ್ತಿರ ತರುತ್ತಾನೆ.

ವಂಚನೆ ಎಂದರೆ ಆ ಹೆಸರು
ಕಳ್ಳರ ಪಟ್ಟಿಗೆ ಸೇರುತ್ತದೆ, ಮತ್ತೆ ಅಳಿಸುವಂತಿಲ್ಲ.
ಬದುಕಿದ್ದಾಗ ಅವರು ಏನಾಗಿದ್ದರೋ,
ಟೈಲರೋ, ಬಸ್ ಕಂಡಕ್ಟರೋ,
ಚಿಲ್ಲರೆ ಎಣಿಸಿ ಕೊಟ್ಟ ಮನುಷ್ಯರೇ ಇರಬೇಕು.

ಹನ್ನೊಂದು ಸೆಕೆಂಡು ಉಳಿದಿತ್ತು.
ಕ್ಷಮಿಸಿ ಕೆಂಪರಂಗಯ್ಯನವರೇ ಎಂದು
ಹೆಡ್‌ಫೋನ್ ತೆಗೆದಿಟ್ಟು
ನಿಮ್ಮನ್ನು ಕಳ್ಳರ ಜೊತೆ ಸೇರಿಸಿದೆ.
ಬಾಗಿಲಿಗೆ ಅಡ್ಡ ಮಲಗಿ,
ಅವನು ದಾಟದ ಹಾಗೆ.

ಮುಂದಿನ ಮುಖ ಬಂತು. ಅದರ ಮುಂದಿನದು.

ಬೆಳಗ್ಗೆ ಆರಕ್ಕೆ ಹೊರಡುವಾಗ
ಬಾಗಿಲ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ.
ಒರೆಸ್ಕೊಂಡು ಒತ್ತಿ ಮೇಡಂ, ಎಂದ
ಕಾವಲಿನ ಹೊನ್ನೂರಸ್ವಾಮಿ.
ವೇಲಿಗೆ ಒರೆಸಿಕೊಂಡೆ, ಮತ್ತೊಮ್ಮೆ ಒರೆಸಿಕೊಂಡೆ.
ಬಣ್ಣವೇನೂ ಬರಲಿಲ್ಲ.