ಅರ್ಧ ಸುತ್ತು

ನಮೂನೆಯಲ್ಲಿ ಹನ್ನೊಂದು ಕಾಲಂ.
ವಾಲ್ವಿನ ನಂಬರು, ಪೈಪಿನ ಅಗಲ, ತೆರೆಯುವ ಹೊತ್ತು,
ಸುತ್ತು ಎಷ್ಟು, ಮುಚ್ಚುವ ಹೊತ್ತು,
ಕೊನೆಗೆ ಷರಾ.
ನಿವೃತ್ತರಾಗುವವರ ತಲೆಯಲ್ಲಿರುವುದನ್ನೆಲ್ಲ
ಮೂವತ್ತೊಂದರೊಳಗೆ ಇಳಿಸಿಕೊಳ್ಳಿ ಎಂದು ಸುತ್ತೋಲೆ.
ಇಳಿಸಿಕೊಳ್ಳುವುದು, ಲಾರಿಯಿಂದ ಮೂಟೆ ಇಳಿಸಿದ ಹಾಗೆ.
ನನ್ನ ಪಾಲಿಗೆ ಬಂದ ಮೂಟೆ ಯಲ್ಲುಬಾ ಮ್ಹೇತ್ರೆ,
ನೀರಿನ ಖಾತೆಯ ಚಾವಿವಾಲಾ, ಅಸಲ್ಫಾ ಗುಡ್ಡ,
ಮೂವತ್ತನಾಲ್ಕು ವರ್ಷದ ಸರ್ವಿಸು.

ಜತ್ತದ ಕಡೆಯವರು. ನನ್ನ ಎದೆಯ ಬಿಲ್ಲೆಯಲ್ಲಿ
ಕೋಟ್ಯಾನ್ ಎಂದಿದ್ದುದನ್ನು ಓದಿ
ಮರಾಠಿಯ ನಡುವೆಯೇ ಕನ್ನಡಕ್ಕೆ ಹೊರಳಿದರು:
"ಬರಕೋ ತಂಗಿ, ಹದಿನಾಕ ಸುತ್ತು.
ಮಳಿಗಾಲದಾಗ ಹದಿಮೂರು. ಗಣಪತಿಗೆ ಹದಿನೈದು.
ಭಾಂಡುಪದಾಗ ಕರೆಂಟ್ ಹೋದ್ರ ಆ ದಿನದ್ದು ಬ್ಯಾರೆ."
"ಬೇರೆ ಅಂದ್ರೆ ಎಷ್ಟು?"
"ಅದನ್ನ ಪೈಪ ಹೇಳತೈತಿ."
ಕಾಲಂನಲ್ಲಿ ಒಂದೇ ಅಂಕಿ ಹಿಡಿಯುತ್ತಿತ್ತು.
ಹದಿನಾಲ್ಕು ಎಂದು ಬರೆದೆ.

ಆಮೇಲೆ ನಿದ್ದೆ ಬರಲಿಲ್ಲ.

ಮರುದಿನ ಬೆಳಗಿನ ನಾಲ್ಕಕ್ಕೆ ಗುಡ್ಡದ ಬುಡದಲ್ಲಿ ನಿಂತಿದ್ದೆ.
ನನ್ನ ಭುಜದೆತ್ತರದ ಕಬ್ಬಿಣದ ಚಾವಿ,
ರಸ್ತೆಯ ಗುಂಡಿಯೊಳಗೆ ಇಳಿಬಿಟ್ಟು
ಅಡ್ಡಹಿಡಿಗೆ ಕಿವಿಯಿಟ್ಟರು,
ಹೊಟ್ಟೆನೋವಿನ ಮಗುವಿಗೆ ಕಿವಿಯಿಟ್ಟ ಹಾಗೆ.
ಮೂರನೇ ಸುತ್ತಿಗೆ ಗಾಳಿ ಕೆಮ್ಮಿತು.
ಎಂಟನೆಯದಕ್ಕೆ ಗಲ್ಲಿಯಲ್ಲೊಂದು ಡ್ರಮ್ಮಿನ ತಳ ಡಬಡಬ,
ಕಿಟಕಿಯಿಂದ ಯಾರೋ ಹೆಂಗಸು "ಆಲಂ, ಆಲಂ" ಎಂದು ಕೂಗಿ
ಇಡೀ ಸಾಲಿನ ದೀಪ ಎಬ್ಬಿಸಿದಳು.
ಹದಿನಾಲ್ಕಕ್ಕೆ ನಿಂತರು. ಅತ್ತಿತ್ತ ನೋಡಿದರು.
ಮತ್ತೆ ಅರ್ಧ.

"ಇದನ್ನ ಬರೀಬ್ಯಾಡ."

ಸಾರ್ವಜನಿಕ ಶೌಚಾಲಯದ ಆಚೆಗೆ ನಕ್ಷೆ ಮುಗಿಯುತ್ತದೆ.
ಮನೆಗಳು ಮುಗಿಯುವುದಿಲ್ಲ, ಇನ್ನೂ ಎಂಬತ್ತು ಚಿಲ್ಲರೆ.
ಹದಿನಾಲ್ಕು ಸುತ್ತಿನ ನೀರು ಅಲ್ಲಿಗೆ ಏರುವುದಿಲ್ಲ.
"ಕಾಗದಕ್ಕ ಗೊತ್ತಾತಂದ್ರ ನಾಳಿಗೇ ಬಂದ್.
ನನಗ ರೆಬೆಲೋ ಹೇಳಿದ್ದ, ಅವಗ ಇನ್ಯಾರೋ.
ಕೈಯಿಂದ ಕೈಗೆ ಬಂದದ್ದು, ಸಾಹೇಬರ ಟೇಬಲ್ ಹತ್ತಿಲ್ಲ."
ಚಾವಿ ಹೆಗಲಿಗೇರಿಸಿ ಚಹಾಕ್ಕೆ ಹೋದರು.
ಷರಾ ಎಂಬ ಕಾಲಂ ಖಾಲಿ ಬಿಡುವಂತಿರಲಿಲ್ಲ.
'ಏನೂ ಇಲ್ಲ' ಎಂದು ತುಂಬಿಸಿದೆ.

ಪರದೆಯಲ್ಲಿ ಹಸಿರು ಗುರುತು ಬಂತು.
ಪವಯಿಯಿಂದ ಬಂದ ಸಲಹೆಗಾರ, ಇಸ್ತ್ರಿ ಮುರಿಯದ ಅಂಗಿ,
ಇನ್ನು ಯಾರು ಹೋದರೂ ಖಾತೆ ಏನನ್ನೂ ಮರೆಯುವುದಿಲ್ಲ ಎಂದ.
ಮ್ಹೇತ್ರೆಯವರಿಗೆ ಶಾಲು, ಗೋಡೆ ಗಡಿಯಾರ.
ಎಲ್ಲರೊಡನೆ ನಾನೂ ಚಪ್ಪಾಳೆ ತಟ್ಟಿದೆ.

ಅವರ ಜಾಗಕ್ಕೆ ಫಯ್ಯಾಜ್ ತಡವಿ, ಜಳಗಾವದ ಹುಡುಗ.
ಒಂದು ಕೈಯಲ್ಲಿ ಚಾವಿ, ಇನ್ನೊಂದರಲ್ಲಿ ಟ್ಯಾಬ್.
ಟ್ಯಾಬ್ ಹದಿನಾಲ್ಕು ಎಂದರೆ ಹದಿನಾಲ್ಕು, ಕೂದಲೆಳೆ ಹೆಚ್ಚಿಲ್ಲ.
ಹನ್ನೊಂದು ದಿನ ಹೀಗೇ ನಡೆಯಿತು.
ದೂರುಗಳ ಪಟ್ಟಿ ದಿನಾ ತೆರೆದು ನೋಡುತ್ತಿದ್ದೆ, ಸೊನ್ನೆ.
ದೂರು ದಾಖಲಾಗಲು ಮನೆ ನಂಬರು ಬೇಕು,
ಇಲ್ಲದ ಮನೆಗೆ ಬಾಯಾರಿಕೆಯೂ ಇಲ್ಲ.
ಆ ತಿಂಗಳು ನಮ್ಮ ವಾರ್ಡಿಗೇ ಮೊದಲ ಸ್ಥಾನ.

ಹನ್ನೆರಡನೆಯ ಬೆಳಗಿಗೆ ಮತ್ತೆ ಗುಡ್ಡದ ಬುಡ.
ಮೇಲಿನಿಂದ ಕೊಡ ಹೊತ್ತ ಹುಡುಗಿಯರು
ಟ್ಯಾಂಕರಿನ ಕಡೆಗೆ ಇಳಿಯುತ್ತಿದ್ದರು, ಶಾಲೆಯ ಲಂಗದಲ್ಲೇ.
"ಔರ್ ಆಧಾ," ಅಂದೆ.
ಫಯ್ಯಾಜ್ ಟ್ಯಾಬ್ ನೋಡಿದ, ನನ್ನ ಮುಖ ನೋಡಿದ.
"ಕಹಾಂ ಲಿಖಾ ಹೈ, ಮೇಡಂ?"
ಎಲ್ಲೂ ಇಲ್ಲ ಎಂದರೆ ಸುಳ್ಳಾಗುತ್ತಿತ್ತು.
ಇದೆ ಎಂದರೂ ಸುಳ್ಳೇ.
ಬರೆದವಳು ನಾನು, ಬಿಟ್ಟವಳೂ ನಾನು.

ಸುಮ್ಮನೆ ಅಡ್ಡಹಿಡಿಯ ಒಂದು ತುದಿ ಹಿಡಿದೆ.
ಕಬ್ಬಿಣ ತಣ್ಣಗಿತ್ತು, ನನಗೆ ಅಷ್ಟು ಬಲವೂ ಇರಲಿಲ್ಲ.
ನಾನು ತಿರುಗಿಸಿದ್ದು ಅರ್ಧವೋ, ಕಾಲೋ,
ಅಂದು ಕತ್ತಲಲ್ಲಿ ಕಂಡದ್ದು ಎಷ್ಟು,
ಈಗ ಊಹಿಸಿಕೊಂಡದ್ದು ಎಷ್ಟು, ಹೇಳಲಾರೆ.
ಅವನು ಟ್ಯಾಬನ್ನು ಕಂಕುಳಿಗೆ ಸಿಕ್ಕಿಸಿ
ಚಾವಿಗೆ ಕಿವಿಯಿಟ್ಟ.

"ಏನಾದ್ರೂ ಕೇಳಿಸ್ತಾ?"

ಬೆರಳು ತುಟಿಗಿಟ್ಟು, ಕಣ್ಣು ಮುಚ್ಚಿ,
ಚುಪ್, ಅಂದ.